ನೆರಳು ಆಫ್

ಬೋನಸ್ ಬದಲು ಗುರುಬಸವಣ್ಣ ಕೊಟ್ಟದ್ದು ಇದು:
ಹನ್ನೊಂದು ವರ್ಷ ಫ್ಲೆಕ್ಸ್ ಮಾಡಿದ ಕಂಪ್ಯೂಟರು.
'ತಗೊಂಡೋಗಮ್ಮ, ಅಂಗಡೀಲಿ ಜಾಗ ಖಾಲಿ ಆಗ್ಲಿ.'
ಆಟೋದಲ್ಲಿ ಮಡಿಲ ಮೇಲೆ ಕೂರಿಸಿಕೊಂಡು
ಕಾಟನ್‌ಪೇಟೆಯಿಂದ ಕಾಮಾಕ್ಷಿಪಾಳ್ಯಕ್ಕೆ ಬಂದೆ.
ಮೀಟರ್ ಮೇಲೆ ಇಪ್ಪತ್ತು. ಲಗೇಜಂತೆ.

ಇದರ ಮುಂದೆಯೇ ಕೂತು
ಎಷ್ಟು ವಾರ್ಡುಗಳ ಎಷ್ಟು ಮುಖ ಬೆಳ್ಳಗೆ ಮಾಡಿದ್ದೇನೆ,
ಹುಟ್ಟುಹಬ್ಬದ ಲೀಡರುಗಳಿಗೆ ಕೈ ಮುಗಿಸಿದ್ದೇನೆ,
ಒಂದೊಂದು ಅಕ್ಷರದ ಬೆನ್ನಿಗೂ ನೆರಳು ಹಚ್ಚಿದ್ದೇನೆ.
ನೆರಳಿಲ್ಲದಿದ್ದರೆ ಗಿರಾಕಿ ಅಡ್ವಾನ್ಸೂ ಬಿಚ್ಚುತ್ತಿರಲಿಲ್ಲ:
'ಎದ್ದು ಕಾಣ್ಬೇಕು ಮೇಡಂ, ಎದ್ದು.'

ನನಗೀಗ ಮೂವತ್ತೆಂಟು.
ಪ್ರಿಂಟಿಂಗ್ ಹುಡುಗನ ಫೋನಿನಲ್ಲಿ ಒಂದು ಆಟ ನೋಡಿದ್ದೆ.
ಮಂಜಿನ ನಾಡು, ಕುದುರೆ,
ಬಿಲ್ಲು ಹಿಡಿದು ಯಾರಿಗೂ ಕಾಯದ ಹೆಂಗಸು.
ಆಡಬೇಕು ಅನ್ನಿಸಿತು. ಅಷ್ಟೇ.
ಯಾಕೆ ಅಂತ ಕೇಳಿದವರಿಗೆ
ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಚೀಟಿ ಎತ್ತಿದ ದುಡ್ಡಲ್ಲಿ
ಗ್ಯಾಸು, ಅಮ್ಮನ ಕನ್ನಡಕ ಕಳೆದು
ಉಳಿದದ್ದು ಆರು ಸಾವಿರದ ಇನ್ನೂರು.
ಎಸ್.ಪಿ. ರೋಡಿನ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಇಮ್ದಾದ್ ಭಾಯಿ ಸಿಗರೇಟು ಪ್ಯಾಕಿನ ರಟ್ಟಿನ ಮೇಲೆ
ಕೂಡಿಸಿದ, ಹೊಡೆದು ಹಾಕಿದ, ಮತ್ತೆ ಕೂಡಿಸಿದ.
'ಅಕ್ಕಾ, ಮುದುಕಿಗೆ ಹಲ್ಲು ಕಟ್ಟಿಸಿ ಕೊಡ್ತೀನಿ,
ಕಡಲೆ ತಿನ್ಸೋದು ನಿಮ್ಮ ಧೈರ್ಯ.'
ರ್‍ಯಾಮಿಗೆ ಒಂಬೈನೂರು. ಪವರ್ ಸಪ್ಲೈ ಸಾವಿರದ ನೂರು.
ಗ್ರಾಫಿಕ್ಸ್ ಕಾರ್ಡು ಮೂರು ಸಾವಿರದ ಎಂಟುನೂರು,
ಹಿಂದೆ ಯಾರೋ ಕಣ್ಣಿಗೆ ಕಾಣದ ನಾಣ್ಯ ಅಗೆಯಲು
ಹಗಲೂ ರಾತ್ರಿ ದುಡಿಸಿದ್ದು,
ಫ್ಯಾನಿನ ಒಂದು ರೆಕ್ಕೆ ಚೂರು ಮುಕ್ಕು.
'ವಾರಂಟಿ?' ಅಂದೆ.
'ಈ ಬಾಗಿಲು ದಾಟೋವರೆಗೂ' ಅಂದ. ನಕ್ಕೆವು ಇಬ್ಬರೂ.

ಮನೆಗೆ ಬಂದರೆ ಕಾರ್ಡು ಎರಡು ಬೆರಳು ಉದ್ದ.
ಲೇತ್ ಅಂಗಡಿಯ ಮುನಿನಂಜಪ್ಪ
ಟೇಪು ಹಿಡಿಯಲಿಲ್ಲ, ಕಣ್ಣಲ್ಲೇ ಅಳೆದ.
ಗ್ರೈಂಡರಿನ ಕಿಡಿ ಮೋರಿಯವರೆಗೂ ಹಾರಿ
ಹಾರ್ಡ್‌ಡಿಸ್ಕಿನ ಗೂಡು ಕಳಚಿ ಬಿತ್ತು.
ಡಿಸ್ಕನ್ನು ಫ್ಲೆಕ್ಸ್ ಕಟ್ಟುವ ನೈಲಾನ್ ದಾರದಲ್ಲೇ ಬಿಗಿದೆ.
ಆ ಗಂಟು ನನಗೆ ಕಣ್ಣು ಮುಚ್ಚಿದರೂ ಬರುತ್ತದೆ.

ಆಟಕ್ಕೆ ತೊಂಬತ್ತು ಜಿಬಿ ಬೇಕಂತೆ.
ಡಿಸ್ಕ್ ತುಂಬ ಹಳೆಯ ಕೆಲಸ.
ಲೀಡರುಗಳ ಹುಟ್ಟುಹಬ್ಬ ಒತ್ತಿದೆ, ಹೋಯಿತು;
ಹನ್ನೊಂದು ವರ್ಷ, ನಾಲ್ಕು ನಿಮಿಷ.
ಆಮೇಲೆ 'ಕಣ್ಣೀರು' ಅನ್ನುವ ಫೋಲ್ಡರು.
ರೇಷನ್ ಕಾರ್ಡಿನ ಮೂಲೆಯಿಂದ ಎಬ್ಬಿಸಿ
ಕೋಟು ತೊಡಿಸಿ ನಿಲ್ಲಿಸಿದ್ದ ಹಮಾಲರು,
ಅಗಲ ಕುಂಕುಮದ ಹೂವಿನ ಅಜ್ಜಿಯರು,
ಗುಂಪು ಫೋಟೋದಿಂದ ಕತ್ತರಿಸಿದ ಒಬ್ಬ ಹುಡುಗ,
ಅವನ ಭುಜದ ಮೇಲೆ ಇನ್ನೂ ಯಾರದೋ ಕೈ.
ಬೆರಳು ಅಲ್ಲಿ ನಿಂತಿತು.
ಇವರು ಇರಲಿ. ಆಟವೇ ಸ್ವಲ್ಪ ಒತ್ತರಿಸಿಕೊಳ್ಳಲಿ.

ರಾತ್ರಿ ಹನ್ನೊಂದೂವರೆಗೆ ಕುದುರೆ ಬಂತು.
ಒಂದು ಕಾಲು ಎತ್ತಿತು, ಹಾಗೇ ನಿಂತಿತು,
ನಾನು ನೀರು ಕುಡಿದು ಬಂದೆ, ಕಾಲಿನ್ನೂ ಗಾಳಿಯಲ್ಲಿತ್ತು.
ಸೆಟ್ಟಿಂಗಿಗೆ ಹೋಗಿ ಹುಲ್ಲು ತೆಗೆದೆ.
ನೀರೊಳಗಿನ ಆಕಾಶ ತೆಗೆದೆ.
ದೂರದ ಬೆಟ್ಟ ತೆಗೆದೆ, ಬೋಳು ಬಯಲು ಸಾಕು ಅಂದೆ.
ಆದರೂ ಕುಂಟು.
ಕೊನೆಗೆ ನೆರಳು.

ಇಷ್ಟು ವರ್ಷ ಇದೇ ಕೈ, ಇದೇ ಇಲಿ ಹಿಡಿದು
ಅಕ್ಷರ ಅಕ್ಷರಕ್ಕೂ ಹಚ್ಚಿದ್ದು.
ಆಫ್.

ಕುದುರೆ ಓಡಿತು.
ಎಂಥಾ ಓಟ ಅಂತೀರಿ!
ಸೈಡಿನ ಮುಚ್ಚಳ ಹಾಕಲು ಬರುವುದಿಲ್ಲ, ಫ್ಯಾನು
ಮಾಗಡಿ ರೋಡಿನ ಲಾರಿಯ ಹಾಗೆ ಮೊರೆಯುತ್ತದೆ,
ಆದರೂ ಅವಳು ಬಿಲ್ಲು ಬಗಲಿಗೆ ಹಾಕಿ
ಬೋಳು ಬಯಲಲ್ಲಿ ಹೋಗುತ್ತಲೇ ಇದ್ದಾಳೆ,
ಕೆಳಗೆ ನೆಲಕ್ಕೆ ಅವಳ ಗುರುತೇ ಇಲ್ಲದೆ.

ಹೊಸ ಕನ್ನಡಕದಲ್ಲಿ ಅಮ್ಮ ಹಾಸಿಗೆಯಿಂದಲೇ ನೋಡಿದಳು:
'ನೆರಳಿಲ್ಲದ್ದು ದೆವ್ವ ಕಣೆ.'
'ಇರ್ಲಿ ಬಿಡಮ್ಮ, ಓಡ್ತಿದೆಯಲ್ಲ.'
ಅವಳು ಎದ್ದು ಬಂದು
ಒದ್ದೆ ಕಾಲುಚೀಲ ತಂದು
ತೆರೆದ ಡಬ್ಬದ ಬಿಸಿಗೆ ಹರವಿ ಹೋದಳು.